ಬೆಳ್ಳಿ ಹಾಳೆಯ ಮೂಢನಂಬಿಕೆ

ಬಿಸಿಲಲ್ಲಿ ನಿಂತ ಕಾರಿನ ಮುಂದಿನ ಗಾಜಿಗೆ ಹೊಳೆಯುವ ಹಾಳೆಯೊಂದನ್ನು ಅಡ್ಡ ಇಟ್ಟರೆ ಕಾರು ತಂಪಾಗಿರುತ್ತದೆ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಹೊಸ ಕಾರು ಕೊಂಡವರಿಗೆ ಆಕ್ಸೆಸರಿ ಅಂಗಡಿಯವರು ಮ್ಯಾಟು, ಪರ್ಫ್ಯೂಮಿನ ಜೊತೆಗೆ ಕೈಗಿಡುವುದು ಅದನ್ನೇ. ಭಾನುವಾರ ಬೆಳಿಗ್ಗೆ ಮಾಕಳಿದುರ್ಗ ಬೆಟ್ಟದ ಬುಡಕ್ಕೆ ಬಂದರೆ ಈ ನಂಬಿಕೆ ಸಾಲುಗಟ್ಟಿ ನಿಂತಿರುವುದನ್ನು ಕಾಣಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ಓಡಿ ಬಂದ ಕಾರುಗಳು ರಸ್ತೆ ಬದಿಯ ಬಯಲಲ್ಲಿ ನಿಲ್ಲುತ್ತವೆ. ಚಾರಣಕ್ಕೆ ಬಂದವರು ಬೂಟಿನ ಲೇಸು ಬಿಗಿದು, ನೀರಿನ ಬಾಟಲಿ ಬ್ಯಾಗಿಗೆ ಸಿಕ್ಕಿಸಿ, ಹೊರಡುವ ಮುನ್ನ ಮರೆಯದೆ ಬೆಳ್ಳಿ ಬಣ್ಣದ ಸನ್‌ಶೇಡ್ ಬಿಡಿಸಿ ಗಾಜಿಗೆ ಒತ್ತಿ ಹೋಗುತ್ತಾರೆ. ಕೋಟೆ, ಶಿವನ ಗುಡಿ, ನಂದಿ ನೋಡಿಕೊಂಡು ಇಳಿದು ಬರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಬಾಗಿಲು ತೆಗೆದರೆ ಧಗೆ ಮುಖಕ್ಕೆ ಹೊಡೆಯುತ್ತದೆ. ಆಗ ಕೇಳಿಬರುವ ಮಾತು ಒಂದೇ: ‘ಈ ಶೇಡ್ ಸರಿಯಿಲ್ಲ. ಇನ್ನೂ ಒಳ್ಳೇದು ತಗೋಬೇಕು.’

ಆ ಶೇಡ್ ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದಿರುವುದು ಅದರ ಮೇಲೆ ನಾವು ಹೊರಿಸಿದ ನಿರೀಕ್ಷೆ. ಸನ್‌ಶೇಡ್ ಡ್ಯಾಶ್‌ಬೋರ್ಡನ್ನೂ ಸ್ಟೇರಿಂಗನ್ನೂ ಕಾಯುವ ಸಾಧನ. ಕಾರನ್ನು ತಂಪಾಗಿಡುವ ಕೆಲಸ ಅದರದಲ್ಲ. ಆ ಕೆಲಸ ಮಾಡಬೇಕಾದ ಮರ, ಸೂರು, ನಿಲ್ಲಿಸುವ ದಿಕ್ಕು ಇವನ್ನೆಲ್ಲ ಮರೆತು ಹಾಳೆಯ ಆಯ್ಕೆಯನ್ನೇ ದೊಡ್ಡ ವಿದ್ಯೆ ಮಾಡಿಕೊಂಡಿದ್ದೇವೆ. ಈ ಲೇಖನ ಆ ನಂಬಿಕೆಯ ವಿರುದ್ಧ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿಯೇ ಇಡೋಣ. ಕಾರಿನಲ್ಲಿ ಅತಿ ದೊಡ್ಡ ಗಾಜು ಮುಂದಿನದು. ಅಂಬಾಸಿಡರ್ ಕಾಲದ ಗಾಜು ಚಿಕ್ಕದಾಗಿ, ಹೆಚ್ಚು ಕಡಿಮೆ ನೆಟ್ಟಗೆ ಇರುತ್ತಿತ್ತು. ಇಂದಿನ ಕಾರುಗಳಲ್ಲಿ ಅದು ಅಗಲವಾಗಿ, ಹಿಂದಕ್ಕೆ ವಾಲಿ, ಆಕಾಶಕ್ಕೇ ಮುಖ ಮಾಡಿ ಮಲಗಿದೆ. ಮೋಡವಿಲ್ಲದ ನಡು ಹಗಲಿನಲ್ಲಿ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿಯನ್ನು ಸುರಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಈ ಗಾಜನ್ನು ದಾಟಿ ನೇರ ಕಪ್ಪು ಡ್ಯಾಶ್‌ಬೋರ್ಡಿನ ಮೇಲೆ ಬೀಳುತ್ತದೆ. ಅಲ್ಲೇ ತಡೆದು ವಾಪಸ್ ಕಳಿಸಿದರೆ ಅಷ್ಟು ಶಾಖ ಕಡಿಮೆಯಾಗಲೇಬೇಕು. ಈ ವಾದದಲ್ಲಿ ಸುಳ್ಳಿಲ್ಲ. ಬಿಸಿಲೂರಾದ ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲಿ ಮಡಚುವ ರಟ್ಟಿನ ಶೇಡ್ ಮನೆಮಾತಾಗಿದ್ದೂ ಇದೇ ಕಾರಣಕ್ಕೆ. ಆದರೆ ‘ಅಷ್ಟು ಶಾಖ ಕಡಿಮೆ’ ಎಂಬಲ್ಲಿಂದ ‘ಕಾರು ತಂಪು’ ಎಂಬಲ್ಲಿಗೆ ಹಾರುವುದಿದೆಯಲ್ಲ, ತಪ್ಪು ಇರುವುದು ಆ ಜಿಗಿತದಲ್ಲಿ.

ಅಮೆರಿಕದ ಅರಿಜೋನಾದ ವಿಶ್ವವಿದ್ಯಾಲಯವೊಂದರ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಳತೆಗಳನ್ನು ನೋಡಿ. ಟೆಂಪಿ ಎಂಬ ಊರಿನಲ್ಲಿ, ಹೊರಗೆ 38 ಡಿಗ್ರಿ ಸೆಲ್ಸಿಯಸ್ ಮೀರಿದ ದಿನಗಳಲ್ಲಿ, ಒಂದು ಗಂಟೆ ಬಿಸಿಲಲ್ಲಿ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ ಮುಟ್ಟಿತು. ಡ್ಯಾಶ್‌ಬೋರ್ಡ್ 69, ಸ್ಟೇರಿಂಗ್ 53, ಸೀಟು 51. ಅದೇ ಹೊತ್ತಿನಲ್ಲಿ ನೆರಳಲ್ಲಿ ನಿಂತ ಕಾರಿನ ಗಾಳಿ 38, ಡ್ಯಾಶ್‌ಬೋರ್ಡ್ 48, ಸ್ಟೇರಿಂಗ್ 42, ಸೀಟು 41. ಈ ಅಂಕಿಗಳು ಎರಡು ಮಾತು ಹೇಳುತ್ತವೆ. ಚಾವಣಿ, ಬಾನೆಟ್ಟು, ಎಲ್ಲ ಗಾಜು ಸೇರಿ ಇಡೀ ಕಾರನ್ನೇ ನೆರಳಿನಲ್ಲಿಟ್ಟರೂ ಒಳಗಿನ ಗಾಳಿ ಹೆಚ್ಚು ಕಡಿಮೆ ಹೊರಗಿನ ಗಾಳಿಯಷ್ಟೇ ಬಿಸಿ, ತಂಪಾಗುವುದಿಲ್ಲ. ಪೂರ್ತಿ ನೆರಳೇ ಮಾಡಲಾಗದ್ದನ್ನು ಒಂದು ಗಾಜಿಗೆ ಒರಗಿಸಿದ ಹಾಳೆ ಮಾಡೀತೆಂದು ನಂಬುವುದಕ್ಕೆ ಆಧಾರವಿಲ್ಲ. ಎರಡನೆಯದು, ನೆರಳಿನಿಂದ ಹೆಚ್ಚು ಲಾಭ ಕಂಡದ್ದು ಗಾಳಿಯಲ್ಲಲ್ಲ, ಬಿಸಿಲು ನೇರವಾಗಿ ಬೀಳುವ ವಸ್ತುಗಳಲ್ಲಿ. ಡ್ಯಾಶ್‌ಬೋರ್ಡ್ 21 ಡಿಗ್ರಿ ಇಳಿದರೆ ಗಾಳಿ ಇಳಿದದ್ದು ಸುಮಾರು ಒಂಬತ್ತು ಡಿಗ್ರಿ ಮಾತ್ರ. ಸನ್‌ಶೇಡಿನ ನಿಜವಾದ ಉಪಯೋಗವೂ ಅಷ್ಟರಲ್ಲೇ ಇದೆ: ಸ್ಟೇರಿಂಗ್ ಹಿಡಿದರೆ ಅಂಗೈ ಸುಡುವುದಿಲ್ಲ, ಪ್ಲಾಸ್ಟಿಕ್ ಬೇಗ ಬಿರಿಯುವುದಿಲ್ಲ, ಡ್ಯಾಶ್‌ಬೋರ್ಡಿನಿಂದ ಆವಿಯಾಗಿ ಗಾಜಿನ ಒಳಮೈಗೆ ಕೂರುವ ಜಿಡ್ಡಿನ ಪೊರೆ ಕಡಿಮೆಯಾಗುತ್ತದೆ. ಇವೂ ಬೇಕಾದ ಲಾಭಗಳೇ. ಆದರೆ ತಂಪು ಎಂದರೆ ಇದಲ್ಲ.

ಹಾಳೆ ಯಾಕೆ ಸೋಲುತ್ತದೆ ಎಂದು ತಿಳಿಯಲು ಅರಿಜೋನಾಕ್ಕೆ ಹೋಗಬೇಕಾಗಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಪಾಲಿಹೌಸಿನಲ್ಲಿ ಗುಲಾಬಿ, ದಪ್ಪ ಮೆಣಸಿನಕಾಯಿ ಬೆಳೆಯುವ ರೈತರನ್ನು ಕೇಳಿದರೆ ಸಾಕು. ಬಿಸಿಲು ಒಳಗೆ ಬಂದ ಮೇಲೆ ಅದನ್ನು ಹೊರಗೆ ಕಳಿಸುವುದು ಎಷ್ಟು ಕಷ್ಟ ಎಂದು ಅವರಿಗೆ ಗೊತ್ತು. ಅದಕ್ಕೇ ಅವರು ಬಿಸಿ ಗಾಳಿ ಹೋಗಲು ಮೇಲ್ಗಡೆ ಕಿಂಡಿ ಬಿಡುತ್ತಾರೆ, ಪಕ್ಕದ ಪರದೆಗಳನ್ನು ಸುತ್ತಿ ಎತ್ತುತ್ತಾರೆ. ನಿಂತ ಕಾರು ಕಿಂಡಿಯಿಲ್ಲದ ಪಾಲಿಹೌಸು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ ಎರಡು ಪೆಟ್ಟಿಗೆಗಳನ್ನು ಬಿಸಿಲಲ್ಲಿಟ್ಟು ನೋಡಿದ. ಒಂದಕ್ಕೆ ಶಾಖದ ಕಿರಣವನ್ನು ತಡೆಯುವ ಗಾಜಿನ ಮುಚ್ಚಳ, ಇನ್ನೊಂದಕ್ಕೆ ಅದನ್ನು ಬಿಡುವ ಕಲ್ಲುಪ್ಪಿನ ಮುಚ್ಚಳ. ಎರಡೂ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಬಿಸಿಯಾದವು. ಪೆಟ್ಟಿಗೆಯ ಕಾವಿಗೆ ಮುಖ್ಯ ಕಾರಣ ಸಿಕ್ಕಿಬಿದ್ದ ಗಾಳಿ ಎಂಬುದು ಅದರಿಂದ ತಿಳಿಯಿತು. ಗಾಜಿನ ಒಳಗಡೆ ಇಟ್ಟ ಹಾಳೆ ಬೆಳಕಿನ ದೊಡ್ಡ ಭಾಗವನ್ನು ಗಾಜಿನ ಮೂಲಕವೇ ಹಿಂದಕ್ಕೆ ಕಳಿಸುತ್ತದೆ, ನಿಜ. ಆದರೆ ಉಳಿದದ್ದನ್ನು ತಾನೇ ಹೀರಿ ಬಿಸಿಯಾಗುತ್ತದೆ, ಆ ಬಿಸಿ ಕಾರಿನೊಳಗೇ ಉಳಿಯುತ್ತದೆ. ಅದೇ ಹಾಳೆ ಗಾಜಿನ ಹೊರಗಿದ್ದರೆ ಬಿಸಿಲು ಒಳಗೆ ಕಾಲಿಡುವ ಮೊದಲೇ ನಿಲ್ಲುತ್ತದೆ. ಹೊರಗಿಟ್ಟರೆ ಆಷಾಢದ ಗಾಳಿ ಹೊತ್ತೊಯ್ಯುತ್ತದೆ, ಇಲ್ಲವೇ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎಂಬ ಭಯ ಸುಳ್ಳಲ್ಲ. ಆದರೆ ನಾವು ಒಳಗೆ ಇಡುವುದು ನಮ್ಮ ಅನುಕೂಲಕ್ಕೆ. ಅದನ್ನೇ ವಿಜ್ಞಾನ ಎಂದುಕೊಳ್ಳಬಾರದು.

ಇನ್ನು ಚಾವಣಿ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ. ಶಾಲಾ ಮಕ್ಕಳು ಕಂಬ ನೆಟ್ಟು, ಅದರ ನೆರಳು ಮಾಯವಾಗುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ. ಸ್ವಲ್ಪವೇ ಉತ್ತರಕ್ಕಿರುವ ಮಾಕಳಿದುರ್ಗದಲ್ಲೂ ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಇದೇ ಆಗುತ್ತದೆ. ಸೂರ್ಯ ನೆತ್ತಿಯ ಮೇಲೇ ನಿಲ್ಲುವ ನಮ್ಮ ನಾಡಿನಲ್ಲಿ ನಡು ಹಗಲಿನ ಬಿಸಿಲಿನ ಮೊದಲ ಪೆಟ್ಟು ಬೀಳುವುದು ಕಾರಿನ ಚಾವಣಿಗೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ 2011ರಲ್ಲಿ ಕಪ್ಪು ಮತ್ತು ಬೆಳ್ಳಿ ಬಣ್ಣದ ಎರಡು ಒಂದೇ ಮಾದರಿಯ ಕಾರುಗಳನ್ನು ಬಿಸಿಲಲ್ಲಿಟ್ಟು ಅಳೆಯಿತು. ಕಪ್ಪು ಚಾವಣಿ ಬೆಳ್ಳಿ ಚಾವಣಿಗಿಂತ 25 ಡಿಗ್ರಿಯವರೆಗೂ ಹೆಚ್ಚು ಬಿಸಿಯಾಯಿತು, ಒಳಗಿನ ಗಾಳಿಯಲ್ಲಿ ಐದಾರು ಡಿಗ್ರಿ ವ್ಯತ್ಯಾಸ ಬಂತು. ಅಂದರೆ ಕಾರು ಕೊಳ್ಳುವ ದಿನ ಶೋರೂಮಿನಲ್ಲಿ ಬಣ್ಣ ಆರಿಸುವಾಗಲೇ ನಾವು ಒಂದು ನಿರ್ಧಾರ ಮಾಡಿಯಾಗಿದೆ. ಬಿಳಿ ಮೈಗೆ ಕಪ್ಪು ಚಾವಣಿ ಈಗಿನ ಫ್ಯಾಷನ್. ಅದಕ್ಕೂ ಮೇಲೆ ಸನ್‌ರೂಫ್ ಬೇಕೇ ಬೇಕೆಂಬ ಹಟ. ನೆತ್ತಿಯ ಮೇಲೆ ಸೂರ್ಯ ನಿಲ್ಲುವ ಊರಿನಲ್ಲಿ ನೆತ್ತಿಗೇ ಗಾಜು ಹಾಕಿಸಿಕೊಂಡು, ಅದಕ್ಕಾಗಿ ಲಕ್ಷದ ಲೆಕ್ಕದಲ್ಲಿ ಹಣ ಸುರಿದು, ಆಮೇಲೆ ಮುಂದಿನ ಗಾಜಿಗೆ ಕೆಲವು ನೂರು ರೂಪಾಯಿಯ ಹಾಳೆ ತಂದು ಬಿಸಿಲನ್ನು ಗೆದ್ದೆವೆನ್ನುತ್ತೇವೆ.

ದಿಕ್ಕಿನ ವಿಷಯದಲ್ಲೂ ನಮಗೆ ಬಂದಿರುವುದು ಬೇರೆಯವರ ಊರಿನ ಬುದ್ಧಿ. ಕಾರಿನ ಮೂತಿಯನ್ನು ಉತ್ತರಕ್ಕೆ ಮಾಡಿ ನಿಲ್ಲಿಸಿ, ಮುಂದಿನ ಗಾಜಿಗೆ ಬಿಸಿಲು ಬೀಳುವುದಿಲ್ಲ ಎಂಬ ಸಲಹೆ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತದೆ. ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಕಾಣುವ ಯುರೋಪಿಗೆ ಅದು ಸರಿ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡು ಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಮೇ ತಿಂಗಳಲ್ಲಿ ಈ ಸಲಹೆ ಪಾಲಿಸಿದವರು ಗಾಜನ್ನು ಬಿಸಿಲಿಗೇ ಒಡ್ಡಿದಂತೆ. ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಮೂಡಣ ಮತ್ತು ಪಡುವಣ. ಬೆಳಿಗ್ಗೆ ಬಂದು ನಡು ಹಗಲಿಗೆ ಮುಂಚೆ ಹೊರಡುವ ಚಾರಣಿಗರು ಮೂತಿಯನ್ನು ಪಶ್ಚಿಮಕ್ಕೆ ಮಾಡಿ ನಿಲ್ಲಿಸಿದರೆ ಎಳೆ ಬಿಸಿಲನ್ನು ಹಿಂದಿನ ಗಾಜು ಹೊತ್ತುಕೊಳ್ಳುತ್ತದೆ, ಡ್ಯಾಶ್‌ಬೋರ್ಡ್ ಬಚಾವಾಗುತ್ತದೆ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಇಡೀ ದಿನದ ಶಿಫ್ಟಿಗೆ ಕಾರು ನಿಲ್ಲಿಸುವವರು ಪೂರ್ವಕ್ಕೆ ಮುಖ ಮಾಡುವುದು ಮೇಲು. ಏಕೆಂದರೆ ಮನೆಗೆ ಹೊರಡುವ ಹೊತ್ತಿನಲ್ಲಿ ಸುಡುವುದು ಪಡುವಣದ ಬಿಸಿಲು. ಇದಕ್ಕೆ ಪೈಸೆ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ಇದನ್ನು ಯಾರೂ ಮಾರುವುದಿಲ್ಲ, ಮಾರದ್ದರಿಂದ ಯಾರೂ ಹೇಳುವುದೂ ಇಲ್ಲ.

ಮಾರುವವರು ಹೇಳುವುದು ಬೇರೆ. ಮೂರು ಪದರ, ಐದು ಪದರ, ಯುವಿ ತಡೆ. ಯುವಿಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಾರಿನ ಮುಂದಿನ ಗಾಜು ಒಂಟಿ ಗಾಜಲ್ಲ. ಒಡೆದರೂ ಚೂರು ಸಿಡಿಯದಿರಲೆಂದು ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಪದರವೊಂದನ್ನು ಕೂರಿಸಿರುತ್ತಾರೆ. ಆ ಪದರವೇ ನೇರಳಾತೀತ ಕಿರಣದ ಬಹುಪಾಲನ್ನು ತಡೆದುಬಿಡುತ್ತದೆ. ಅಂದರೆ ಕಾರು ತಯಾರಿಸಿದವರು ಆಗಲೇ ಮಾಡಿ ಕೊಟ್ಟಿರುವ ಕೆಲಸಕ್ಕೆ ಅಂಗಡಿಯವರು ಮತ್ತೊಮ್ಮೆ ದುಡ್ಡು ಕೇಳುತ್ತಾರೆ. ನೇರಳಾತೀತ ಕಿರಣ ಹೆಚ್ಚು ನುಗ್ಗುವುದು ಸಾಮಾನ್ಯವಾಗಿ ಒಂಟಿ ಗಾಜೇ ಆಗಿರುವ ಪಕ್ಕದ ಕಿಟಕಿಗಳಿಂದ. ಅಲ್ಲಿ ಸನ್‌ಶೇಡ್ ಇರುವುದಿಲ್ಲ. ಬಣ್ಣ ಕೆಡಿಸುವುದು ಯುವಿ ಒಂದೇ ಎಂಬುದೂ ಅರ್ಧ ಸತ್ಯ. ಕಣ್ಣಿಗೆ ಕಾಣುವ ಬೆಳಕಿನ ನೀಲಿ ಭಾಗವೂ ಬಣ್ಣವನ್ನು ಮಾಸಿಸುತ್ತದೆ. ದೊಡ್ಡಬಳ್ಳಾಪುರ ರೇಷ್ಮೆ ಸೀರೆ ನೇಯುವ ಊರು. ಬಣ್ಣ ಹಾಕಿದ ರೇಷ್ಮೆಯನ್ನು ಬಿಸಿಲಿಗೆ ಒಡ್ಡಬಾರದೆಂದು ಅಲ್ಲಿಯ ನೇಕಾರರಿಗೆ ಯಾವ ಪ್ಯಾಕೆಟ್ಟಿನ ಮೇಲಿನ ಬರಹವೂ ಕಲಿಸಬೇಕಾಗಿಲ್ಲ.

ಪದರಗಳ ಸಂಖ್ಯೆಯೂ ಇಂಥದೇ ಮಾತು. ಬಿಸಿಲನ್ನು ಹಿಂದಕ್ಕೆ ಕಳಿಸುವುದು ಗಾಜಿಗೆ ಮುಖ ಮಾಡಿದ ಹೊಳೆಯುವ ಮೈ. ಅದರ ಹಿಂದೆ ಎಷ್ಟು ಪದರ ಇದ್ದರೂ ಹೆಚ್ಚಿನ ವ್ಯತ್ಯಾಸವಾಗದು. ವ್ಯತ್ಯಾಸ ಮಾಡುವುದು ಅಳತೆ. ಅಂಚಿನಲ್ಲಿ ನಾಲ್ಕು ಬೆರಳು ಸಂದು ಬಿಟ್ಟ ದುಬಾರಿ ಶೇಡಿಗಿಂತ ಗಾಜಿಗೆ ಸರಿಯಾಗಿ ಕೂರುವ ಅಗ್ಗದ ಶೇಡೇ ಒಳ್ಳೆಯದು. ‘ಎಲ್ಲ ಕಾರಿಗೂ ಆಗುತ್ತೆ ಸಾರ್’ ಎಂದು ಕೊಡುವ ಶೇಡ್ ಯಾವ ಕಾರಿಗೂ ಸರಿಯಾಗಿ ಕೂರುವುದಿಲ್ಲ. ಗಾಜಿಗೆ ಅಂಟುವ ರಬ್ಬರ್ ಬಟ್ಟಲು ಕಾದಾಗ ಮೆತ್ತಗಾಗಿ ಕಳಚಿಕೊಳ್ಳುತ್ತದೆ, ಅಂದರೆ ಬೇಕಾದ ಹೊತ್ತಿಗೇ ಕೈ ಕೊಡುತ್ತದೆ. ಈಚೆಗೆ ಬಂದಿರುವ ಕೊಡೆಯಂಥ ಶೇಡ್ ಬಿಚ್ಚುವುದು ಸುಲಭ, ಆದರೆ ಅದರ ಹಿಡಿ ಮತ್ತು ಕಡ್ಡಿಗಳು ಡ್ಯಾಶ್‌ಬೋರ್ಡಿನ ಟಚ್ ಸ್ಕ್ರೀನಿಗೆ ಗೀರು ಹಾಕುತ್ತವೆ. ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಇರುವ ಕಾರುಗಳಲ್ಲಿ ಆ ಜಾಗಕ್ಕೆ ಕತ್ತರಿಸಿದ ಶೇಡೇ ಬೇಕು.

ಪಕ್ಕದ ಕಿಟಕಿಗಳಿಗೆ ಕಪ್ಪು ಜಾಲರಿ ಸಿಕ್ಕಿಸುವವರದು ಇನ್ನೊಂದು ಪಂಥ. ಕಪ್ಪು ಬಟ್ಟೆ ಬೆಳಕನ್ನು ತಡೆಯುತ್ತದೆ, ಹೌದು. ಆದರೆ ತಡೆದದ್ದನ್ನು ತಾನೇ ಹೀರಿಕೊಂಡು ಒಳಗಿನ ಗಾಳಿಗೆ ಕಾವು ಹಂಚುತ್ತದೆ. ಸೀಟಿನ ಬಟ್ಟೆ ಮಾಸದಿರಲು ಅದು ಉಪಯೋಗಕ್ಕೆ ಬಂದೀತು, ತಂಪಿಗಲ್ಲ. ಕಾನೂನಿನ ಮಾತೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮದಂತೆ ಮುಂದಿನ ಮತ್ತು ಹಿಂದಿನ ಗಾಜು ಶೇ 70ರಷ್ಟು, ಪಕ್ಕದ ಗಾಜು ಶೇ 50ರಷ್ಟು ಬೆಳಕನ್ನು ಒಳಗೆ ಬಿಡಲೇಬೇಕು. 2012ರ ಏಪ್ರಿಲ್ 27ರಂದು ಅವಿಷೇಕ್ ಗೋಯೆಂಕಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಾಜಿನ ಮೇಲೆ ಕಪ್ಪು ಫಿಲ್ಮಾಗಲಿ ಬೇರೆ ಯಾವುದೇ ವಸ್ತುವಾಗಲಿ ಅಂಟಿಸುವುದನ್ನು ನಿಷೇಧಿಸಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಆಧಾರದಲ್ಲಿ, ನಿಗದಿತ ಮಟ್ಟದಲ್ಲಿ ಬೆಳಕು ಬಿಡುವ ಮಾನ್ಯ ಫಿಲ್ಮ್ ಬಳಸಬಹುದೆಂದು ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹೆಚ್ಚು ಕಪ್ಪಾದರೆ ಹೆಚ್ಚು ತಂಪು ಎಂಬ ಆಸೆಗೆ ಈ ಯಾವುದರಲ್ಲೂ ಜಾಗವಿಲ್ಲ.

ಕಿಟಕಿಯನ್ನು ಒಂದು ಬೆರಳಗಲ ಇಳಿಸಿ ಹೋದರೆ ಸಾಕು ಎಂಬ ಹಳೆಯ ಉಪಾಯವೂ ಪರೀಕ್ಷೆಯಲ್ಲಿ ಉಳಿದಿಲ್ಲ. ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ 2005ರಲ್ಲಿ ಬಂದ ಅಧ್ಯಯನದಲ್ಲಿ ಕಿಟಕಿ ಸ್ವಲ್ಪ ತೆರೆದಿದ್ದರಿಂದ ಕಾರು ಕಾಯುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಕೋತಿಗಳಿರುವ ಕ್ಷೇತ್ರಗಳಲ್ಲಿ ಆ ಸಂದಿನಿಂದ ಆಗುವ ಲಾಭ ಯಾರಿಗೆಂದು ಬೇರೆ ಹೇಳಬೇಕಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ‘ನಮ್ಮದು ತಂಪು ಸೀಮೆ’ ಎಂದು ಬೀಗುವ ನಾವು ಕಿವಿಗೊಟ್ಟು ಕೇಳಬೇಕಾದ್ದು. ಹೊರಗೆ ಬರೀ 22 ಡಿಗ್ರಿ ಇದ್ದ ಬಿಸಿಲಿನ ದಿನದಲ್ಲೂ ಕಾರಿನ ಒಳಗೆ ಒಂದು ಗಂಟೆಯಲ್ಲಿ 47 ಡಿಗ್ರಿ ಆಯಿತು. ಏರಿಕೆಯ ಐದರಲ್ಲಿ ನಾಲ್ಕು ಪಾಲು ಮೊದಲ ಅರ್ಧ ಗಂಟೆಯಲ್ಲೇ ಮುಗಿದಿತ್ತು. 22 ಡಿಗ್ರಿ ಎಂದರೆ ಡಿಸೆಂಬರ್ ತಿಂಗಳಲ್ಲಿ, ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ ಸೇರುವ ಕಾಲದಲ್ಲಿ, ಸ್ವೆಟರ್ ಹಾಕಿಕೊಂಡು ಓಡಾಡುವಾಗಿನ ಹವೆ.

ಈ ನಂಬಿಕೆ ಬರೀ ಹಾಸ್ಯದ ವಸ್ತುವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಇದರಲ್ಲಿ ಜೀವದ ಪ್ರಶ್ನೆ ಇದೆ. ‘ಶೇಡ್ ಹಾಕಿದೀನಿ, ಮಗು ನಿದ್ದೆ ಮಾಡ್ತಿದೆ, ಐದು ನಿಮಿಷ ದರ್ಶನ ಮಾಡ್ಕೊಂಡು ಬಂದುಬಿಡೋಣ’ ಎಂಬ ಮಾತು ಹುಟ್ಟುವುದು ಇದೇ ನಂಬಿಕೆಯಿಂದ. ದೇವಸ್ಥಾನದ ಸಾಲಿನಲ್ಲಿ ಐದು ನಿಮಿಷ ಎಂದರೆ ಎಷ್ಟು ಹೊತ್ತೆಂದು ಎಲ್ಲರಿಗೂ ಗೊತ್ತು. ಅರಿಜೋನಾದ ಸಂಶೋಧಕರು ಎರಡು ವರ್ಷದ ಮಗುವನ್ನು ಊಹಿಸಿಕೊಂಡು ಲೆಕ್ಕ ಹಾಕಿದ್ದಾರೆ. ಅಲ್ಲಿಯ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಮಗುವಿನ ಮೈ ಒಂದು ಗಂಟೆಯ ಸುಮಾರಿಗೆ ಪ್ರಾಣಾಪಾಯದ 40 ಡಿಗ್ರಿ ಮುಟ್ಟುತ್ತದೆ. ನೆರಳಿನಲ್ಲಿ ನಿಂತ ಕಾರಿನಲ್ಲೂ ಎರಡು ಗಂಟೆಯೊಳಗೆ ಅಲ್ಲಿಗೇ ಹೋಗುತ್ತದೆ. ಪೂರ್ತಿ ನೆರಳೂ ಕಾಯದ ಮಗುವನ್ನು ಹಾಳೆ ಕಾಯುವುದಿಲ್ಲ. ಮಗುವಾಗಲಿ, ನಡೆಯಲಾಗದ ಅಜ್ಜಿಯಾಗಲಿ, ನಾಯಿಯಾಗಲಿ ನಿಂತ ಕಾರಿನಲ್ಲಿ ಬಿಟ್ಟುಹೋಗುವಂತಿಲ್ಲ. ಇದಕ್ಕೆ ವಿನಾಯಿತಿಯೇ ಇಲ್ಲ. ಬಳಸುತ್ತಿರುವ ಇನ್ಸುಲಿನ್ ಬಾಟಲಿ 30 ಡಿಗ್ರಿ ದಾಟಬಾರದು. ಹೆಸರಾಂತ ಫೋನ್ ಕಂಪನಿಯೊಂದು ತನ್ನ ಫೋನನ್ನು 45 ಡಿಗ್ರಿಗಿಂತ ಹೆಚ್ಚು ಬಿಸಿಯ ಜಾಗದಲ್ಲಿ ಇಡಬೇಡಿ ಎನ್ನುತ್ತದೆ. ಇವೂ ಶೇಡಿನ ಭರವಸೆಯಲ್ಲಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಉಳಿಯುತ್ತವೆ.

ಎಲ್ಲಕ್ಕಿಂತ ಹಾನಿಕರವಾದ ನಂಬಿಕೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ಮರದಡಿ ನಿಲ್ಲಿಸಿದರೆ ಪೇಂಟ್ ಹಾಳು, ಬಯಲಲ್ಲಿ ನಿಲ್ಲಿಸಿ ಶೇಡ್ ಹಾಕುವುದೇ ಮೇಲು ಎಂಬುದು. ಹಕ್ಕಿ ಹಿಕ್ಕೆ, ಎಲೆಯ ಅಂಟು, ಉದುರುವ ಹೂವು ಇವುಗಳ ದೂರು ಕೇಳಿ ಕೇಳಿ ಸಾಕಾಗಿದೆ. ಹಿಕ್ಕೆ ಪೇಂಟಿಗೆ ಕೆಟ್ಟದ್ದು, ನಿಜ. ಆದರೆ ಅದು ಕಲೆಯಾಗಿ ಕೂರುವುದು ದಿನಗಟ್ಟಲೆ ಬಿಸಿಲಲ್ಲಿ ಒಣಗಿ ಸುಟ್ಟಾಗ. ಅವತ್ತೇ ನೀರು ಹಾಕಿ ಒರೆಸಿದರೆ ಹೋಗುತ್ತದೆ. ಬಿಸಿಲು ಬಿರಿಸಿದ ಡ್ಯಾಶ್‌ಬೋರ್ಡನ್ನು ಯಾವ ನೀರೂ ಸರಿಮಾಡದು. ಮರವನ್ನು ನೋಡಿ ಆರಿಸಬೇಕು ಎಂಬುದು ಮಾತ್ರ ಒಪ್ಪತಕ್ಕದ್ದು. ತೆಂಗಿನ ಮರದಡಿ, ಕಾಯಿ ಬಿಟ್ಟ ಹಲಸಿನಡಿ ಯಾರೂ ಕಾರು ನಿಲ್ಲಿಸಬಾರದು. ಏಪ್ರಿಲ್–ಮೇ ತಿಂಗಳ ಗಾಳಿ ಮಳೆಯಲ್ಲಿ ಒಣಗಿದ ಕೊಂಬೆಗಳ ಕೆಳಗೂ ಬೇಡ. ಆದರೆ ಹೊಂಗೆ ಇದೆ. ಎಲೆ ಉದುರಿಸಿ, ಯುಗಾದಿಯ ಹೊತ್ತಿಗೆ, ಅಂದರೆ ಬಿಸಿಲು ಬಲಿಯುವ ಹೊತ್ತಿಗೇ, ಹೊಸ ಚಿಗುರು ಹೊದ್ದು ನಿಲ್ಲುವ ಮರ ಅದು. ಹುಣಸೆ ಇದೆ, ಬೇವು ಇದೆ. ಬೆಂಗಳೂರು ಗ್ರಾಮಾಂತರದ ಹಳೆಯ ರಸ್ತೆಗಳ ಬದಿಯಲ್ಲಿ ಹಿರಿಯರು ನೆಟ್ಟದ್ದೂ ಇವನ್ನೇ.

ಆ ರಸ್ತೆಗಳನ್ನು ಅಗಲ ಮಾಡಿದಾಗ ಹೋದದ್ದೂ ಇವೇ. ಕಾರು ಹೆಚ್ಚಾದವೆಂದು ರಸ್ತೆ ಅಗಲವಾಯಿತು, ಅಗಲವಾಗಲು ಮರ ಬಿತ್ತು, ಮರ ಬಿದ್ದದ್ದರಿಂದ ಕಾರು ಬಿಸಿಲಿಗೆ ಬಂತು, ಬಿಸಿಲಿಗೆ ಬಂದದ್ದರಿಂದ ಸನ್‌ಶೇಡ್ ಮಾರಾಟವಾಯಿತು. ಎಲ್ಲರಿಗೂ ಸೇರಿದ್ದ ನೆರಳನ್ನು ಕಡಿದು, ಒಬ್ಬೊಬ್ಬರೂ ಮಡಚಿ ಡಿಕ್ಕಿಯಲ್ಲಿಟ್ಟುಕೊಳ್ಳುವ ನೆರಳನ್ನು ಕೊಂಡೆವು. ಮರದ ನೆರಳು ಕಾರಿಗೊಂದೇ ಬೀಳುತ್ತಿರಲಿಲ್ಲ. ಬೈಕಿನವರು ಅಲ್ಲಿ ನಿಲ್ಲುತ್ತಿದ್ದರು, ಸೌತೆಕಾಯಿ ಹೆಚ್ಚಿ ಮಾರುವ ಹೆಂಗಸು ಅಲ್ಲಿ ಕೂರುತ್ತಿದ್ದಳು, ಬಸ್ಸಿಗೆ ಕಾಯುವವರೂ ಕುರಿ ಕಾಯುವವರೂ ಅಲ್ಲೇ ದಣಿವಾರಿಸಿಕೊಳ್ಳುತ್ತಿದ್ದರು. ಬೆಳ್ಳಿ ಹಾಳೆಯ ಹಿಂದೆ ಇವರಾರಿಗೂ ಜಾಗವಿಲ್ಲ. ಅದರಿಂದ ಚಿಮ್ಮಿದ ಬಿಸಿಲು ಎದುರು ನಿಂತವರ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಕೊಟ್ಟು ಸನ್ಮಾನಿಸಿದ ನಾಡು ನಮ್ಮದು. ಆ ತಾಯಿ ನೀರು ಹೊತ್ತು ಬೆಳೆಸಿದ ನೆರಳಿನಲ್ಲಿ ಇಂದು ಎಷ್ಟು ಕಾರುಗಳು ನಿಲ್ಲುತ್ತವೆ ಎಂದು ಕಾರು ಇರುವವರು ಒಮ್ಮೆ ಯೋಚಿಸಬೇಕು.

‘ಮರ ಇಲ್ಲದ ಕಡೆ ಏನು ಮಾಡೋದು ಸ್ವಾಮಿ?’ ಎಂದು ಕೇಳುವವರಿಗೆ ಉತ್ತರ ಇದೆ. ಶೇಡ್ ಹಾಕಿ. ಗಾಜಿನ ಅಳತೆಗೆ ಸರಿಯಾಗಿ ಕೂರುವುದನ್ನು, ಹೊಳೆಯುವ ಮೈ ಹೊರಗೆ ಕಾಣುವಂತೆ, ಮೇಲೆ ಸನ್‌ವೈಸರ್ ಮಡಚಿ ಒತ್ತಿ ನಿಲ್ಲಿಸುವಂಥದನ್ನು ತೆಗೆದುಕೊಳ್ಳಿ. ಪದರಕ್ಕೂ ಬ್ರ್ಯಾಂಡಿಗೂ ಹೆಚ್ಚು ದುಡ್ಡು ಕೊಡಬೇಡಿ. ನಿಲ್ಲಿಸುವಾಗ ಸ್ಟೇರಿಂಗನ್ನು ಅರ್ಧ ಸುತ್ತು ತಿರುಗಿಸಿಡಿ, ನೀವು ಹಿಡಿಯುವ ಭಾಗ ಕೆಳಗಿದ್ದು ಬಿಸಿಲು ತಪ್ಪಿಸಿಕೊಳ್ಳುತ್ತದೆ. ಹಳೆಯ ಡ್ರೈವರುಗಳು ಸ್ಟೇರಿಂಗಿಗೆ ಹೊದಿಸುತ್ತಿದ್ದ ಟವೆಲ್ ಈಗಲೂ ಕೆಲಸ ಮಾಡುತ್ತದೆ. ವಾಪಸ್ ಬಂದ ಮೇಲೆ ಮೊದಲು ನಾಲ್ಕೂ ಬಾಗಿಲು ತೆಗೆದು ಬಿಸಿ ಗಾಳಿ ಹೋಗಲು ಬಿಡಿ, ಕಿಟಕಿ ಇಳಿಸಿಕೊಂಡು ಸ್ವಲ್ಪ ದೂರ ಓಡಿಸಿ, ಆಮೇಲೆ ಏಸಿ ಹಾಕಿ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ದಿನಗಟ್ಟಲೆ ಕಾರು ಬಿಟ್ಟುಹೋಗುವವರು ಮುಚ್ಚಿದ ಪಾರ್ಕಿಂಗಿಗೆ ಕೊಡುವ ಹೆಚ್ಚಿನ ಹಣ ಶೇಡಿಗೆ ಕೊಡುವ ಹಣಕ್ಕಿಂತ ಸಾರ್ಥಕ. ಇಷ್ಟು ಮಾಡಿದರೆ ಶೇಡಿನಿಂದ ಸಿಗಬೇಕಾದ್ದೆಲ್ಲ ಸಿಗುತ್ತದೆ. ಅದಕ್ಕಿಂತ ಹೆಚ್ಚನ್ನು ಅದರಿಂದ ಕೇಳಬೇಡಿ.

ಹೆಚ್ಚನ್ನು ಕೇಳಬೇಕಾದ್ದು ಬೇರೆಯವರನ್ನು. ಫ್ರಾನ್ಸ್ ದೇಶ 2023ರಲ್ಲಿ ಒಂದು ಕಾನೂನು ಮಾಡಿತು: 1500 ಚದರ ಮೀಟರಿಗಿಂತ ದೊಡ್ಡದಾದ ಬಯಲು ಪಾರ್ಕಿಂಗ್ ಜಾಗಗಳ ಕನಿಷ್ಠ ಅರ್ಧ ಭಾಗಕ್ಕೆ ಸೌರ ಫಲಕದ ಸೂರು ಹಾಕಬೇಕು. ಸೂರ್ಯ ನೆತ್ತಿಯ ಮೇಲೆ ಎಂದೂ ಬಾರದ ದೇಶಕ್ಕೆ ಹೊಳೆದದ್ದು, ವರ್ಷಕ್ಕೆ ಎರಡು ಸಲ ನೆರಳೇ ಮಾಯವಾಗುವ ನಮಗೆ ಹೊಳೆದಿಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಬರುವ ಭಕ್ತರಿಗೆ ಮುಜರಾಯಿ ಇಲಾಖೆ, ಮಾಕಳಿದುರ್ಗ ಹತ್ತುವವರಿಗೆ ಅರಣ್ಯ ಇಲಾಖೆ, ರೈಲು ನಿಲ್ದಾಣದ ಅಂಗಳಕ್ಕೆ ರೈಲ್ವೆ, ರಸ್ತೆ ಬದಿಗೆ ಪಂಚಾಯಿತಿ ನೆರಳಿನ ಜವಾಬ್ದಾರಿ ಹೊರಬೇಕು. ಪಾರ್ಕಿಂಗ್ ಎಂದರೆ ಜೆಲ್ಲಿ ಹಾಸಿದ ಬಯಲು ಎಂಬ ಕಲ್ಪನೆ ಬಿಟ್ಟು, ಎರಡು ಕಾರಿಗೊಂದು ಹೊಂಗೆಯನ್ನು ಲೆಕ್ಕಕ್ಕೆ ಹಿಡಿದೇ ನಕ್ಷೆ ಬರೆಯಬೇಕು. ಶುಲ್ಕ ವಸೂಲು ಮಾಡುವ ಕಡೆ ‘ಚೀಟಿ ಕೊಟ್ಟಿರಿ, ನೆರಳೆಲ್ಲಿ?’ ಎಂದು ನಾವೂ ಕೇಳಬೇಕು.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟೇ. ಮುಂದಿನ ಸಲ ಶೇಡ್ ಹಾಳಾದಾಗ ಇನ್ನೂ ದುಬಾರಿಯದನ್ನು ಹುಡುಕಬೇಡಿ. ಅಗ್ಗದ್ದನ್ನೇ ತಂದು, ಉಳಿದ ಹಣದಲ್ಲಿ ಮುಂಗಾರಿಗೆ ಮುಂಚೆ ಒಂದು ಹೊಂಗೆ ಸಸಿಯನ್ನೂ ಅದಕ್ಕೊಂದು ಮುಳ್ಳುಬೇಲಿಯನ್ನೂ ಕೊಂಡುಕೊಳ್ಳಿ. ನೀವು ದಿನಾ ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ, ಅಲ್ಲಿಯವರನ್ನು ಕೇಳಿ, ನೆಟ್ಟು ನೀರು ಹಾಕಿ. ಅದು ನೆರಳು ಕೊಡಲು ಕೆಲವು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ಎರಡು ಮೂರು ಸನ್‌ಶೇಡ್‌ಗಳಾದರೂ ಹರಿದು ಕಸಕ್ಕೆ ಹೋಗಿರುತ್ತವೆ.